ಹೆಬ್ಬೆಟ್ಟು

ಹಲಗೆಯ ಒಂದು ತುದಿ ಮೈದುನನ ಕೈಯಲ್ಲಿತ್ತು, ಇನ್ನೊಂದು ಅವಳ ಕೈಯಲ್ಲಿ. ಮೇಲೆ ಎರಡು ಸಾಲು ಹಸಿ ಮಣ್ಣಿನ ಲೋಟಗಳು. ಇಬ್ಬರೂ ಏಡಿಗಳಂತೆ ಅಡ್ಡಡ್ಡ ನಡೆಯುತ್ತ ಕೆಲಸದ ಕೋಣೆಯಿಂದ ಅಡುಗೆಮನೆಗೆ ಬರುವಾಗ ಮೈದುನನ ಮೊಣಕೈ ಬಾಗಿಲ ಚೌಕಟ್ಟಿಗೆ ಬಡಿಯಿತು. ಹಲಗೆ ಅಲುಗಿತು. ಅವಳು ತನ್ನ ತುದಿಯನ್ನೂ ಅಷ್ಟೇ ಸರಿಸಿದಳು. ಲೋಟಗಳು ಒಂದಕ್ಕೊಂದು ತಾಗಲಿಲ್ಲ.

"ನಿಧಾನ."

"ಪೆಟ್ಟಿಗೆ ಹನ್ನೊಂದಕ್ಕೆ ಬರುತ್ತೆ ಅತ್ತಿಗೆ. ಇನ್ನೂ ನಾಲ್ಕು ಹಲಗೆ ಇದೆ. ಇವನ್ನ ಅಂಗಳದಲ್ಲಿ ಇಟ್ರೆ ಆಗಲ್ವಾ?"

"ಬಿಸಿಲಿದೆ."

"ಒಣಗಲಿ ಬಿಡಿ. ಒಣಗೋಕೆ ತಾನೇ ಇಟ್ಟಿರೋದು?"

"ಒಂದೇ ಕಡೆಯಿಂದ ಒಣಗಿದ್ರೆ ಸೊಟ್ಟಗಾಗುತ್ತೆ. ನಿಮ್ಮಣ್ಣನ ಜೊತೆ ಬೆಳೆದೋನು, ಇಷ್ಟೂ ಗೊತ್ತಿಲ್ವಾ ನಿಂಗೆ?"

"ನಾನು ಬಸ್ಸು ಓಡಿಸೋನು," ಅಂದ ಮೈದುನ. ಅವನ ಕಣ್ಣು ಕೆಂಪಗಿತ್ತು. ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳಲು ಹೋಗಿ, ಹಲಗೆ ಕೈಯಲ್ಲಿರುವುದು ನೆನಪಾಗಿ ಹಾಗೇ ಬಿಟ್ಟ.

ಮನೆಯಲ್ಲಿ ಇದ್ದದ್ದು ಮೂರು ಕೋಣೆ. ಶವಪೆಟ್ಟಿಗೆ ಇಟ್ಟು, ಸುತ್ತ ನಾಲ್ಕು ಜನ ನಿಲ್ಲುವಷ್ಟು ಜಾಗ ಇದ್ದದ್ದು ಕೆಲಸದ ಕೋಣೆಯಲ್ಲಿ ಮಾತ್ರ. ತಿಗರಿಯ ಚಕ್ರವನ್ನು ಮೂಲೆಗೆ ತಳ್ಳಿ, ಮಣ್ಣು ನಾದುವ ಉದ್ದನೆಯ ಮೇಜನ್ನು ಮೈದುನ ಆಗಲೇ ತೊಳೆದಿದ್ದ. ಕಡೆಗೆ ಕಿಟಕಿಯ ಕೆಳಗೆ ಒದ್ದೆ ಬಟ್ಟೆ ಹೊದಿಸಿಟ್ಟಿದ್ದ ಒಂದು ಆಕಾರ ಉಳಿಯಿತು. ಅವನು ಅತ್ತ ಕೈ ಚಾಚಿದ.

"ಅದನ್ನ ಮುಟ್ಟಬೇಡ. ನಾನೇ ತರ್ತೀನಿ."

ಬಟ್ಟೆ ಎತ್ತಿ ನೋಡಿದಳು. ಹಲಗೆತುಂಡಿನ ಮೇಲೆ ಗೇಣುದ್ದದ ಭರಣಿ. ಬುಡದಿಂದ ಬಾಯಿಯವರೆಗೆ ಎಲ್ಲೂ ಒಂದು ಬೆರಳಗೆರೆ ಇಲ್ಲ. ಮತ್ತೆ ಬಟ್ಟೆ ಮುಚ್ಚಿ, ಎರಡೂ ಅಂಗೈಗಳನ್ನು ಹಲಗೆತುಂಡಿನ ಅಡಿಗೆ ಕೊಟ್ಟು, ಕುದಿಯುವ ಎಣ್ಣೆಯ ಬಾಣಲೆ ಇಳಿಸುವವಳಂತೆ ಎತ್ತಿಕೊಂಡು ಹೋಗಿ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಟ್ಟಳು. ಸ್ಟೂಲು ಹತ್ತಬೇಕಾಯಿತು.

ಇಳಿಯುವಾಗ ತನ್ನ ಬಲಗೈ ಹೆಬ್ಬೆರಳು ಕಣ್ಣಿಗೆ ಬಿತ್ತು. ಇನ್ನೂ ನೀಲಿಯಾಗಿತ್ತು. ಬೆಳಿಗ್ಗೆ ಮರಣಪತ್ರಕ್ಕೆ ಹೋದಾಗ ಕಚೇರಿಯ ಗುಮಾಸ್ತ ತಲೆ ಎತ್ತದೆ ಕೇಳಿದ್ದ, "ಸಹಿನಾ, ಹೆಬ್ಬೆಟ್ಟಾ?"

"ಹೆಬ್ಬೆಟ್ಟು."

ಮೂರು ಸಲ ಒತ್ತಿಸಿದ. ಮೂರು ಸಲವೂ ಕಾಗದದ ಮೇಲೆ ಬಿದ್ದದ್ದು ನೀಲಿ ಮಚ್ಚೆ ಮಾತ್ರ.

"ನಿಮ್ಮ ಬೆರಳಲ್ಲಿ ಗೆರೆನೇ ಇಲ್ಲವಲ್ಲಮ್ಮ. ಏನು ಕೆಲಸ ಮಾಡ್ತೀರಿ?"

"ಮನೆಕೆಲಸ," ಅಂದಿದ್ದಳು.

*

ಸತ್ತವನಿಗೆ ಓದು ಬರಹ ಚೆನ್ನಾಗಿ ಬರುತ್ತಿತ್ತು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೂ ಊರಿಗೆಲ್ಲ ಅವನು ಹೆಬ್ಬೆಟ್ಟು. ಅಕ್ಷರ ಬಾರದವನಿಗೆ ಹೇಳುವ ಮಾತು ಅಕ್ಷರ ಬಲ್ಲವನ ಹೆಸರಾಗಿ ಕೂತದ್ದು ಒಂದು ತಪ್ಪಿನಿಂದ.

ಮದುವೆಯಾದ ಹೊಸತರಲ್ಲಿ ಅವನು ಭರಣಿಗಳನ್ನಷ್ಟೇ ಮಾಡುತ್ತಿದ್ದ. ಅವನ ಹುಚ್ಚು ಒಂದೇ. ಗೋಡೆ ಬುಡದಿಂದ ಬಾಯಿಯವರೆಗೆ ಒಂದೇ ದಪ್ಪ ಇರಬೇಕು, ಕೈ ಆಡಿಸಿದರೆ ಎಲ್ಲೂ ತಡೆಯಬಾರದು, ಮಾಡಿದವನೊಬ್ಬ ಇದ್ದ ಅಂತಲೇ ಅನ್ನಿಸಬಾರದು. "ನನ್ನ ಹೆಸರು ಬುಡದಲ್ಲಿ ಇದ್ದರೆ ಸಾಕು. ಮಗುಚಿ ನೋಡಿದೋನಿಗೆ ಮಾತ್ರ ಗೊತ್ತಾಗಲಿ," ಅನ್ನುತ್ತಿದ್ದ. ಆದರೆ ಒಂದರ ಬುಡಕ್ಕೂ ಸಹಿ ಹಾಕಿರಲಿಲ್ಲ. ಯಾವುದೂ ಸರಿ ಬಂದಿಲ್ಲ ಅನ್ನುವುದು ಅವನ ತಕರಾರು.

ಅಂಗಡಿಯವರ ತಕರಾರು ಬೇರೆ ಇತ್ತು. ಪೇಟೆಯ ದೊಡ್ಡ ಬೀದಿಯಲ್ಲಿ ಪಾತ್ರೆಪಡಗ ಮಾರುವ ಅವರು ಭರಣಿಯನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿದೆ ಕಣಯ್ಯ, ಅದೇ ತೊಂದರೆ," ಅಂದಿದ್ದರು. "ಥೇಟ್ ಕಾರ್ಖಾನೆ ಮಾಲಿನ ಹಾಗಿದೆ. ಕಾರ್ಖಾನೆದೇ ಅಗ್ಗಕ್ಕೆ ಸಿಗುವಾಗ ಜನ ನಿನ್ನ ಹತ್ರ ಯಾಕೆ ಬರ್ತಾರೆ?"

ಕೈ ಪಳಗಿದಷ್ಟೂ ಮಾಲು ಕಾರ್ಖಾನೆಯದರಂತೆ ಆಗುತ್ತಿತ್ತು. ಪಳಗಿದಷ್ಟೂ ಮಾರಾಟ ಇಳಿಯುತ್ತಿತ್ತು. ಮಗಳು ಹುಟ್ಟಿದ ಮೇಲೆ ಹೊಟ್ಟೆಪಾಡಿಗೆಂದು ಲೋಟ ಮಾಡಲು ಕೂತ.

ಒಂದು ದಿನ ಚಕ್ರದಿಂದ ಲೋಟ ಎತ್ತುವಾಗ ಒಳಗೆ ಮಗು ಮಂಚದಿಂದ ಬಿತ್ತು. ಅವನು ಲೋಟವನ್ನು ಹಲಗೆಗೆ ಕುಕ್ಕಿ ಓಡಿದ. ಹೆಬ್ಬೆರಳು ಒತ್ತಿದ್ದನ್ನು ಅವನೂ ನೋಡಲಿಲ್ಲ, ಅವಳೂ ನೋಡಲಿಲ್ಲ. ಉಳಿದವುಗಳ ಜೊತೆ ಅದೂ ಒಣಗಿತು, ಬೆಂದಿತು, ಅಂಗಡಿಗೆ ಹೋಯಿತು. ಅಂಗಡಿಯವರು ಅದನ್ನೇ ಎತ್ತಿಕೊಂಡರು. ಅವರ ಹೆಬ್ಬೆರಳು ತಾನಾಗಿ ಹೋಗಿ ಗುಳಿಯಲ್ಲಿ ಕೂತಿತು.

"ಇದೇನಿದು?"

"ತಪ್ಪು. ಹಿಂದಕ್ಕೆ ಕೊಡಿ."

"ತಪ್ಪಲ್ಲ ಕಣಯ್ಯ. ಇದು ನೀನು. ಇನ್ನು ಮೇಲೆ ಎಲ್ಲದಕ್ಕೂ ಇದನ್ನ ಹಾಕು."

ಹಾಕಿದ. ಜನ "ಹೆಬ್ಬೆಟ್ಟಿನ ಲೋಟ ಇದೆಯಾ" ಅಂತ ಕೇಳಿಕೊಂಡು ಬಂದರು. ಒಂದು ಪತ್ರಿಕೆಯವರು ಬಂದು, ಈ ಗುಳಿಯೇ ಕಲಾವಿದನ ಸಹಿ ಅಂತ ಬರೆದರು. ಅವನು ಅದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿ ನಕ್ಕ.

"ನೋಡೇ, ಸಹಿ ಮಾಡೋಕೆ ಬರೋ ಗಂಡಸು ಹೆಬ್ಬೆಟ್ಟು ಒತ್ತುತ್ತಾ ಕೂತಿದೀನಿ."

ಅವಳೂ ನಕ್ಕಿದ್ದಳು. ಅವಳಿಗೆ ಸಹಿ ಬರುತ್ತಿರಲಿಲ್ಲ.

*

ಪೆಟ್ಟಿಗೆ ಹನ್ನೊಂದೂವರೆಗೆ ಬಂತು. ಮೇಜಿನ ಮೇಲೆ ಇಟ್ಟರು. ಮೇಜು ಅವನ ಉದ್ದಕ್ಕೆ ಸರಿಯಾಗಿತ್ತು. ಬೀದಿಯವರು ಒಬ್ಬೊಬ್ಬರಾಗಿ ಬಂದು ನೋಡಿ, ಅಂಗಳದಲ್ಲಿ ಹಾಕಿದ್ದ ಕುರ್ಚಿಗಳಲ್ಲಿ ಕೂತರು. ಅವಳು ಚಹಾ ಕೊಟ್ಟಳು. ಮನೆಯಲ್ಲಿ ಇದ್ದದ್ದು ಆ ಲೋಟಗಳೇ.

"ನೋಡಿ, ಹಿಡಕೊಂಡ್ರೆ ಅವರ ಕೈ ಹಿಡಕೊಂಡ ಹಾಗೇ ಆಗುತ್ತೆ," ಅಂದರು ಎದುರುಮನೆಯ ಮೇಷ್ಟ್ರು. ಗುಳಿಯನ್ನು ಹೆಬ್ಬೆರಳಿನಿಂದ ಸವರಿದರು. "ಮನುಷ್ಯ ಹೋದ್ರೂ ಬೆರಳು ಇಲ್ಲೇ ಇದೆ."

"ನನ್ನ ಬೆರಳು ಇದರೊಳಗೆ ಹೋಗಲ್ಲ," ಅಂದ ಭಟ್ಟಿ ಮಾಮ.

ಭಟ್ಟಿ ಮಾಮನೆಂದರೆ ಊರಾಚೆ ಭಟ್ಟಿ ಇಟ್ಟುಕೊಂಡು ಎಲ್ಲರ ಮಡಕೆ ಸುಟ್ಟುಕೊಡುವ ಮುದುಕ. ಒಂದು ಕಿವಿ ಕೇಳುವುದಿಲ್ಲ. ಹಾಗಾಗಿ ಪಿಸುಮಾತನ್ನೂ ಊರಿಗೆ ಕೇಳಿಸುವಂತೆ ಆಡುತ್ತಿದ್ದ.

"ನಿಮ್ಮ ಬೆರಳು ಕೊಡಲಿ ಹಿಡಿ ಇದ್ದ ಹಾಗಿದೆ ಮಾಮ," ಅಂದ ಮೈದುನ.

"ಹೌದಪ್ಪ. ಮೂವತ್ತು ವರ್ಷ ಇವನು ಮಣ್ಣಲ್ಲಿ ಗುಳಿ ಒತ್ತಿದ. ಇವತ್ತು ಮಣ್ಣು ಇವನಿಗೊಂದು ಗುಳಿ ತೋಡಿ ಕಾಯ್ತಾ ಇದೆ."

ಮೇಷ್ಟ್ರು ಕೆಮ್ಮಿದರು. ಭಟ್ಟಿ ಮಾಮ ಲೋಟವನ್ನು ಕುರ್ಚಿಯ ಕೆಳಗಿಟ್ಟು ಎದ್ದು ಅಡುಗೆಮನೆಗೆ ಬಂದ. ಹಲಗೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಲೋಟದ ಅಂಚಿಗೆ ಉಗುರು ಊರಿದ.

"ತಂಗೀ, ಇವಕ್ಕೆ ಇನ್ನೂ ಗುಳಿ ಒತ್ತಿಲ್ಲ."

"ಇಲ್ಲ."

"ವ್ಯಾನು ಎಷ್ಟೊತ್ತಿಗೆ?"

"ಮೂರಕ್ಕೆ."

"ಮಣ್ಣು ಕೊಟ್ಟು ಬರೋ ಹೊತ್ತಿಗೆ ಇವು ಗಟ್ಟಿಯಾಗಿರುತ್ತೆ. ಆಮೇಲೆ ಒತ್ತಿದ್ರೆ ಸೀಳೋದೇ."

ಅವಳು ಚಹಾದ ಪಾತ್ರೆಯ ಉರಿ ತಗ್ಗಿಸಿ, ಚಾಪೆ ಹಾಸಿ ಕೂತಳು. ಎಡಗೈಯ ಎರಡು ಬೆರಳು ಲೋಟದ ಒಳಗೆ, ಬಲಗೈ ಹೊರಗೆ, ಹೆಬ್ಬೆರಳು ಸ್ವಲ್ಪ ಓರೆಯಾಗಿ ಒತ್ತಿ ಬಿಟ್ಟಳು. ಬಲಕ್ಕಿಟ್ಟಳು. ಇನ್ನೊಂದು ಎತ್ತಿಕೊಂಡಳು. ಅವಳು ಲೋಟಗಳ ಕಡೆ ನೋಡುತ್ತಿರಲಿಲ್ಲ. ತೆರೆದ ಬಾಗಿಲಿನಿಂದ ಪೆಟ್ಟಿಗೆಯ ಕಾಲ ಕಡೆಯ ತುದಿ ಕಾಣುತ್ತಿತ್ತು. ಅದನ್ನು ನೋಡುತ್ತಿದ್ದಳು.

ಮಗಳು ಬಂದದ್ದು ಆಗ. ಎರಡು ಊರಾಚೆಯ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಅವಳದು. ಹೆಗಲ ಚೀಲ ಇಳಿಸದೆ ಹೊಸ್ತಿಲಲ್ಲೇ ನಿಂತು ನೋಡಿದಳು.

"ಅಮ್ಮಾ, ಅಪ್ಪ ಅಲ್ಲಿ ಮಲಗಿದಾನೆ."

"ಗೊತ್ತು."

"ಗೊತ್ತಿದ್ದೂ ಇದನ್ನ ಮಾಡ್ತಿದೀಯ?"

"ಆರಿಬಿಡುತ್ತೆ ಕಣೇ."

"ಆರಿ ಹೋಗಲಿ. ಒಡೆದು ಚೂರಾಗಲಿ. ಇಲ್ಲಿ ಸತ್ತಿರೋದು ಯಾರು, ಆಚೆ ಅಳ್ತಿರೋದು ಯಾರ ಬೆರಳಿಗೆ? ಮೇಷ್ಟ್ರು ಆ ಗುಳಿ ಸವರಿ ಸವರಿ ಅಳ್ತಿದಾರೆ. ಹೋಗಿ ಹೇಳ್ಲಾ, ಅದು ನಮ್ಮಮ್ಮಂದು ಅಂತ?"

"ಮೆಲ್ಲಗೆ ಮಾತಾಡು."

ಭಟ್ಟಿ ಮಾಮ ತನ್ನ ಕೇಳದ ಕಿವಿಯನ್ನು ಅವರ ಕಡೆ ತಿರುಗಿಸಿ, ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ.

*

ಹನ್ನೊಂದು ವರ್ಷದ ಹಿಂದೆ ಅವನ ಹೆಬ್ಬೆರಳಿನ ಗಿಣ್ಣು ಬಾತುಕೊಂಡಿತು. ಅಂಗೈ, ಉಳಿದ ಬೆರಳು ನೆಟ್ಟಗಿದ್ದವು. ಚಕ್ರದ ಮೇಲೆ ಮಣ್ಣು ಎಬ್ಬಿಸಬಲ್ಲವನಾಗಿದ್ದ. ಒತ್ತುವುದೊಂದು ಆಗುತ್ತಿರಲಿಲ್ಲ. ಬೆರಳು ಮಡಚಿದರೆ ಪ್ರಾಣ ಹೋದಂತೆ ಆಗುತ್ತಿತ್ತು.

"ಗುಳಿ ಇಲ್ಲದೆ ಕಳಿಸಿ," ಅಂದಿದ್ದಳು ಅವಳು.

"ಯಾರು ಮುಟ್ತಾರೆ?"

"ಹಾಗಾದ್ರೆ ನಾನು ಒತ್ಲಾ?"

ಅವನು ಅವಳ ಬೆರಳು ಹಿಡಿದು ನೋಡಿದ. "ಸಣ್ಣದು. ಗೊತ್ತಾಗಿಬಿಡುತ್ತೆ."

ಒತ್ತಿದಳು. ಆ ಸಲದ ಮಾಲನ್ನು ಅವನೇ ಅಂಗಡಿಗೆ ಕೊಂಡೊಯ್ದು, ಯಾರಾದರೂ ಹಿಡಿಯಲಿ ಅಂತ ಮೂಲೆಯಲ್ಲಿ ಕಾದು ನಿಂತ. ಕನ್ನಡಕದ ಒಬ್ಬ ಗಿರಾಕಿ ಲೋಟ ಎತ್ತಿ, ಗುಳಿಗೆ ಬೆರಳಿಟ್ಟು, ಪಕ್ಕದವಳಿಗೆ ಹೇಳಿದ, "ನೋಡು, ಆ ಮನುಷ್ಯ ಇದರೊಳಗೇ ಇದಾನೆ."

ಅವತ್ತು ಮನೆಗೆ ಬಂದವನು ಊಟ ಮುಟ್ಟಲಿಲ್ಲ. "ನಂಗೆ ಬೇಡವಾಗಿದ್ದ ಗುರುತು ಅದು," ಅಂದ. "ಈಗ ಆ ಗುರುತಿಗೂ ನಾನು ಬೇಡ."

ಅಂದಿನಿಂದ ಅವನು ಎಬ್ಬಿಸುವುದು, ಅವಳು ಒತ್ತುವುದು. ಮಗಳಿಗೆ ಗೊತ್ತಿತ್ತು. ಸುಡಲು ತರುತ್ತಿದ್ದ ಲೋಟಗಳ ಗುಳಿ ನೋಡಿ ಭಟ್ಟಿ ಮಾಮನೂ ಊಹಿಸಿದ್ದ, ಬಾಯಿ ಬಿಟ್ಟಿರಲಿಲ್ಲ. ಮಗಳು ಮನೆ ಬಿಟ್ಟು ಹೋದಳು. ಹೋಗುವಾಗ ಅಪ್ಪನಿಗೆ ಹೇಳಿದ ಮಾತು, "ನಿಂಗೆ ಹೆಸರು, ಅಮ್ಮನಿಗೆ ಬೆರಳು ಸವೆತ." ಅವನು ಅದಕ್ಕೆ ಎದುರಾಡಲಿಲ್ಲ. ಅದು ಮಗಳಿಗೆ ಇನ್ನೂ ಸಿಟ್ಟು ತರಿಸಿತು.

ಲೋಟಗಳ ಕೆಲಸ ಮುಗಿದ ಮೇಲೆ ಅವನು ಆಗಾಗ ಒಂದು ಭರಣಿಗೆ ಕೂರುತ್ತಿದ್ದ. ಎಬ್ಬಿಸುವುದು, ತಂತಿಯಿಂದ ಉದ್ದಕ್ಕೆ ಸೀಳಿ ಗೋಡೆಯ ದಪ್ಪ ನೋಡುವುದು, ಮತ್ತೆ ಮುದ್ದೆ ಮಾಡಿ ಡಬ್ಬಕ್ಕೆ ಎಸೆಯುವುದು. ಮೊನ್ನೆ ಸಂಜೆ ಮಾಡಿದ್ದನ್ನು ಅವನು ಸೀಳಲಿಲ್ಲ. ಚಕ್ರ ನಿಂತ ಮೇಲೂ ಸುಮ್ಮನೆ ಕೂತಿದ್ದ.

"ಬಾ ಇಲ್ಲಿ," ಅಂತ ಕರೆದ. "ಇದರಲ್ಲಿ ನಾನು ಎಲ್ಲಾದ್ರೂ ಕಾಣಿಸ್ತೀನಾ ನೋಡು."

ಅವಳು ಸುತ್ತ ಬಂದು ನೋಡಿದಳು. "ಎಲ್ಲೂ ಇಲ್ಲ."

ಅವನ ಮುಖದಲ್ಲಿ ಅಂಥ ಖುಷಿಯನ್ನು ಅವಳು ಮಗಳು ಹುಟ್ಟಿದಾಗಲೂ ನೋಡಿರಲಿಲ್ಲ.

"ಯಾರೂ ಮುಟ್ಟಬೇಡಿ. ರಾತ್ರಿ ಬುಡ ಬಿಗಿಯಾಗಲಿ. ಬೆಳಿಗ್ಗೆ ಸಹಿ ಹಾಕ್ತೀನಿ."

ಬೆಳಿಗ್ಗೆ ಅವಳು ಚಹಾ ತಂದಾಗ ಅವನು ಸ್ಟೂಲಿನಿಂದ ಉರುಳಿ ಗೋಡೆಗೆ ಒರಗಿದ್ದ. ಸಹಿ ಗೀರಲು ಚೂಪು ಮಾಡಿದ್ದ ಮೊಳೆ ನೆಲದ ಮೇಲಿತ್ತು. ಭರಣಿಯ ಬಟ್ಟೆಯನ್ನು ಇನ್ನೂ ತೆಗೆದಿರಲಿಲ್ಲ.

*

ಅಂಗಡಿಯವರು ಎರಡು ಗಂಟೆಗೆ ಬಂದರು. ಪೆಟ್ಟಿಗೆಯ ಮುಂದೆ ತುಂಬ ಹೊತ್ತು ನಿಂತರು. ಅವರ ಕಣ್ಣಲ್ಲಿ ನಿಜವಾಗಿಯೇ ನೀರಿತ್ತು. ಆಮೇಲೆ ಅಡುಗೆಮನೆಗೆ ಬಂದು, ಕೊನೆಯ ಹಲಗೆಯ ಮುಂದೆ ಕೂತಿದ್ದ ಅವಳನ್ನು ನೋಡಿ, ಎದುರಿಗೆ ಸ್ಟೂಲು ಎಳೆದುಕೊಂಡರು. ಅವಳು ಕೈಯಲ್ಲಿದ್ದ ಲೋಟವನ್ನು ಸೆರಗಿನಡಿ ಮುಚ್ಚಿಕೊಂಡಳು.

"ಬಚ್ಚಿಡಬೇಡಮ್ಮ. ನಂಗೆ ಗೊತ್ತು."

ಅವಳು ಅವರ ಮುಖ ನೋಡಿದಳು.

"ಹನ್ನೊಂದು ವರ್ಷದಿಂದ ಗುಳಿ ಚಿಕ್ಕದಾಗಿದೆ. ದಿನಾ ಕೈಯಲ್ಲಿ ಹಿಡಿಯೋನಿಗೆ ಗೊತ್ತಾಗಲ್ವಾ? ಚಿಕ್ಕದಾದ ಮೇಲೆ ಹೆಂಗಸರೂ ತಗೊಳ್ಳೋಕೆ ಶುರು ಮಾಡಿದ್ರು. ಒಳ್ಳೇದೇ ಆಯ್ತು."

"ಅವರಿಗೆ..." ಅವಳು ಲೋಟವನ್ನು ಸೆರಗಿನಿಂದ ಹೊರತೆಗೆದು ಹಲಗೆಯ ಮೇಲಿಟ್ಟಳು. "ನಿಮಗೆ ಗೊತ್ತಿರೋದು ಅವರಿಗೆ ಗೊತ್ತಿತ್ತಾ?"

"ನಾನೇ ಹೇಳಿದ್ದೆ. ಎರಡನೇ ವರ್ಷವೇ. 'ಹೆಂಡತಿಗೆ ಹೇಳಬೇಡಿ, ನಾಚಿಕೆ ಆಗುತ್ತೆ' ಅಂದ."

"ಯಾರಿಗೆ?" ಅಂದಳು ಹೊಸ್ತಿಲಲ್ಲಿ ನಿಂತಿದ್ದ ಮಗಳು. "ನಾಚಿಕೆ ಯಾರಿಗೆ ಅಂತೆ?"

ಅಂಗಡಿಯವರು ಕಪಾಟಿನ ಕಡೆ ನೋಡಿದರು. ಬಟ್ಟೆಯಡಿಯ ಆಕಾರ ಅವರಿಗೆ ಆಗಲೇ ಕಂಡಿತ್ತು.

"ಅದೇನು?"

"ಭರಣಿ."

"ಅವನು ಮಾಡಿದ್ದಾ? ಕೊನೇದಾ?" ಎದ್ದು, ತುದಿಗಾಲಲ್ಲಿ ನಿಂತು ಬಟ್ಟೆಯ ಅಂಚು ಎತ್ತಿ ನೋಡಿದರು. ಮೊದಲ ಸಲ ಅವನ ಭರಣಿಯನ್ನು ಬೆಳಕಿಗೆ ಹಿಡಿದು ನೋಡಿದ್ದು ಅವರಿಗೆ ನೆನಪಾಗಿರಬಹುದು. ಆಗಿರದೆಯೂ ಇರಬಹುದು. "ಚೆನ್ನಾಗಿದೆ," ಅಂದರು. "ತುಂಬಾ ಚೆನ್ನಾಗಿದೆ. ಆದ್ರೆ ಅಮ್ಮಾ, ಇದು ಅವನದು ಅಂತ ಯಾರಾದ್ರೂ ನಂಬ್ತಾರಾ? ಬುಡದಲ್ಲಿ ಸಹಿನಾದ್ರೂ ಇದೆಯಾ?"

"ಇಲ್ಲ."

"ಒಂದೇ ಒಂದು ಸಲ ಒತ್ತಿಬಿಡು. ಕೊನೆಯ ಕೆಲಸ ಅಂತ ಅಂಗಡಿ ಮುಂದೆ ಗಾಜಿನೊಳಗೆ ಇಡ್ತೀನಿ. ಮಾರಲ್ಲ. ನಾಲ್ಕು ಜನ ನೋಡಲಿ. ಇಲ್ಲದಿದ್ರೆ ಇದು ಯಾರ ಕಣ್ಣಿಗೂ ಬೀಳಲ್ಲ, ಈ ಕಪಾಟಿನಲ್ಲೇ ಅಕ್ಕಿ ಬೇಳೆ ತುಂಬ್ಕೊಂಡು ಇರುತ್ತೆ."

"ಅಕ್ಕಿನೇ ತುಂಬ್ತೀನಿ," ಅಂದಳು ಅವಳು. "ಅದಕ್ಕೆ ಒತ್ತಲ್ಲ."

ಇಷ್ಟು ವರ್ಷದಲ್ಲಿ ಅವರಿಗೆ ಅವಳು ಆಗಲ್ಲ ಅಂದದ್ದು ಅದೇ ಮೊದಲು. ಅಂಗಡಿಯವರು ಅವಳನ್ನು ದಿಟ್ಟಿಸಿ ನೋಡಿ, ತಲೆಯಾಡಿಸಿ, ಬಟ್ಟೆಯನ್ನು ಜೋಪಾನವಾಗಿ ಮೊದಲಿನಂತೆ ಮುಚ್ಚಿದರು. ಮಗಳು ಚೀಲ ಇಳಿಸಿ ಬಂದು ಅಮ್ಮನ ಪಕ್ಕ ಕೂತಳು. ಒತ್ತಿಟ್ಟ ಲೋಟಗಳನ್ನು ಸಾಲಾಗಿ ಜೋಡಿಸಿದಳು.

*

ವ್ಯಾನು ಮೂರಕ್ಕೆ ಮೊದಲೇ ಬಂತು. ಮೈದುನ, ಮೇಷ್ಟ್ರು, ಬೀದಿಯ ಇನ್ನಿಬ್ಬರು ಪೆಟ್ಟಿಗೆಗೆ ಹೆಗಲು ಕೊಟ್ಟರು. ಬಾಗಿಲ ಚೌಕಟ್ಟಿಗೆ ಮೈದುನನ ಮೊಣಕೈ ಮತ್ತೆ ಬಡಿಯಿತು. ಯಾರೂ ನಿಧಾನ ಅನ್ನಲಿಲ್ಲ.

ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಭಟ್ಟಿ ಮಾಮ ಅಡುಗೆಮನೆಯಿಂದ ಕೂಗಿದ.

"ತಂಗೀ, ಭರಣಿ ಇಲ್ಲಿ ಬಿಟ್ಟು ಹೋಗಬೇಡ. ಬೆಳಿಗ್ಗೆಯಿಂದ ಒಲೆ ಉರಿದಿದೆ. ಬಾಯಿ ಆರಿ ಬೆಳ್ಳಗಾಗ್ತಾ ಬಂದಿದೆ, ಬುಡ ಇನ್ನೂ ಹಸಿ. ಸಂಜೆ ಹೊತ್ತಿಗೆ ಸೀಳಿರುತ್ತೆ."

ಕೆಲಸದ ಕೋಣೆ ಈಗ ಖಾಲಿ. ಮೇಜು ಖಾಲಿ. ಅಲ್ಲಿ ತಂಪಿತ್ತು. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ.

"ಅಮ್ಮಾ, ಬಾ," ಅಂತ ಮಗಳು ಕರೆದಳು.

ಅವಳು ಸ್ಟೂಲು ಹತ್ತಿ, ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡಳು. ಹಲಗೆತುಂಡು ಕಪಾಟಿನ ಒಳಕ್ಕೆ ಸರಿದಿತ್ತು. ಅಡಿಗೆ ಅಂಗೈ ಕೊಡಲು ಎಟುಕಲಿಲ್ಲ. ಎಡಗೈಯನ್ನು ಭರಣಿಯ ಬಾಯೊಳಗೆ ಇಳಿಸಿದಳು. ಬಲಗೈಯನ್ನು ಹೊರಗಿನಿಂದ ಆನಿಸಿದಳು.

ಯಾರೂ ಅವಳನ್ನು ತಳ್ಳಲಿಲ್ಲ. ಸ್ಟೂಲು ಅಲುಗಲಿಲ್ಲ. ಕಣ್ಣು ಮಂಜಾಗಿರಲಿಲ್ಲ. ಬೆರಳುಗಳು ಒಳಗಿದ್ದವು, ಕೈ ಹೊರಗಿತ್ತು, ಹಸಿ ಮಣ್ಣಿನ ತಂಪು ತಾಗಿತು, ಹೆಬ್ಬೆರಳು ಸ್ವಲ್ಪ ಓರೆಯಾಗಿ ಒಳಗಿಳಿಯಿತು. ಹನ್ನೊಂದು ವರ್ಷದಲ್ಲಿ ಆ ಎರಡು ಕೈಗಳ ನಡುವೆ ಬಂದ ಹಸಿ ಮಣ್ಣು ಯಾವುದೂ ಹಾಗೇ ಹೊರಗೆ ಹೋಗಿರಲಿಲ್ಲ.

ಸ್ಟೂಲಿನಿಂದ ಇಳಿದಳು. ಭರಣಿಯನ್ನು ಎದೆಗೆ ಒತ್ತಿಕೊಳ್ಳದೆ ದೂರ ಹಿಡಿದು ನೋಡಿದಳು. ಗುಳಿ ಸರಿಯಾಗಿ ಬಿದ್ದಿತ್ತು. ಬೆಳಿಗ್ಗೆಯಿಂದ ಒತ್ತಿದ ಎಲ್ಲ ಲೋಟಗಳಿಗಿಂತ ಚೆನ್ನಾಗಿ. ಅದರ ತಳದಲ್ಲಿ ಕಚೇರಿಯ ಶಾಯಿ ಇಷ್ಟೇ ಇಷ್ಟು ಹತ್ತಿತ್ತು.

ಒಳಗಿನ ಬೆರಳಿನಿಂದ ನೂಕಲು ನೋಡಿದಳು.

"ಬೇಡ ತಂಗಿ," ಅಂದ ಭಟ್ಟಿ ಮಾಮ. ಜೀವಮಾನದಲ್ಲಿ ಮೊದಲ ಸಲ ಅವನ ಧ್ವನಿ ಮೆಲ್ಲಗಿತ್ತು. "ಮೇಲುಗಡೆ ಆರಿದೆ. ನೂಕಿದ್ರೆ ಒಡೆದುಹೋಗುತ್ತೆ."

"ನೀರು ಹಚ್ಚಿದ್ರೆ?"

"ಗುಳಿ ಹೋಗಲ್ಲ."

"ಮುದ್ದೆ ಮಾಡಿಬಿಡ್ಲಾ?"

ಅವನು ಮುಖ ತಿರುಗಿಸಿದ. ಅವಳ ಕೈಗೂ ಅದು ಆಗಲಿಲ್ಲ. ಮಗಳು ಬಾಗಿಲಿಗೆ ಬಂದು, ಅಮ್ಮನ ಮುಖ ನೋಡಿ, ಭರಣಿ ನೋಡಿ, ಚೌಕಟ್ಟು ಹಿಡಿದುಕೊಂಡಳು. ಮತ್ತೆ ಹಾರ್ನ್ ಆಯಿತು.

ಅವಳು ಭರಣಿಯನ್ನು ಕೆಲಸದ ಕೋಣೆಗೆ ತಂದು, ಪೆಟ್ಟಿಗೆ ಇದ್ದ ಮೇಜಿನ ನಡುವೆ ಒಂದು ಹಲಗೆತುಂಡಿನ ಮೇಲೆ ಇಟ್ಟಳು. ಗುಳಿ ಗೋಡೆಯ ಕಡೆಗೆ ಬರುವಂತೆ ತಿರುಗಿಸಿದಳು. ಈಚೆಯಿಂದ ನೋಡಿದರೆ ಎಲ್ಲೂ ಏನೂ ಇರಲಿಲ್ಲ. ಹಾಗೇ ಒಂದು ಕ್ಷಣ ನಿಂತಿದ್ದು, ಹೊರಗೆ ಹೋಗಿ ವ್ಯಾನು ಹತ್ತಿದಳು. ಮಗಳು ಪಕ್ಕ ಕೂತು ಅವಳ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ನೀವು ಹೊರಡಿ, ಬಾಗಿಲು ನಾನು ಹಾಕ್ಕೊಂಡು ಬರ್ತೀನಿ. ನನ್ನ ಕಾರಿದೆ," ಅಂದರು ಅಂಗಡಿಯವರು.

ವ್ಯಾನು ತಿರುಗುವಾಗ ಹಿಂದಿನ ಗಾಜಿನಲ್ಲಿ ಮನೆಯ ತೆರೆದ ಬಾಗಿಲು ಕಂಡಿತು, ಬಾಗಿಲಾಚೆ ಮೇಜು, ಮೇಜಿನ ಮೇಲೆ ಭರಣಿ. ಅಂಗಡಿಯವರು ಕಿಟಕಿ ಮುಚ್ಚಲು ಮೇಜಿನ ಆಚೆ ಬದಿಗೆ ಹೋದವರು ಅಲ್ಲೇ ನಿಂತರು. ಕನ್ನಡಕ ತೆಗೆದರು. ಬಗ್ಗಿದರು. ಆಮೇಲೆ ಎರಡೂ ಕೈಯ ಬೆರಳತುದಿಗಳಿಂದ ಹಲಗೆತುಂಡನ್ನು ಮೆಲ್ಲಗೆ, ತುಂಬ ಮೆಲ್ಲಗೆ, ಗುಳಿ ಬೀದಿಯ ಕಡೆಗೆ ಬರುವವರೆಗೂ ತಿರುಗಿಸಿದರು.